ಡಿಜಿಟಲ್ ವಿಡಿಯೊ ಸಂಕೋಚನದ ಮಾನಕಗಳು: ತುಲನೆಯ ಕ್ರಮವನ್ನು ಕುರಿತು ಕೆಲವು ಆಕ್ಷೇಪಗಳು

ಡಿಜಿಟಲ್ ವಿಡಿಯೊ ಸಂಕೋಚನದ ಮಾನಕಗಳನ್ನು ಒಂದಕ್ಕೊಂದು ಹೋಲಿಸಿ, ಇಂತಹದು ಇಂತಹದಕ್ಕಿಂತ ನೂರಕ್ಕೆ ಇಷ್ಟು ಪಾಲು ಮೇಲು ಎಂದು ತೀರ್ಮಾನ ಹೇಳುವ ಪ್ರಬಂಧಗಳು ಈಚಿನ ವರ್ಷಗಳಲ್ಲಿ ಹೇರಳವಾಗಿ ಬರುತ್ತಿವೆ. ನಮ್ಮ ಸ್ನಾತಕೋತ್ತರ ತರಗತಿಗಳ ವಿದ್ಯಾರ್ಥಿಗಳು ಯೋಜನಾ ವರದಿಗೆ ವಿಷಯವನ್ನು ಆರಿಸಿಕೊಳ್ಳುವಾಗಲೂ ಇದರ ಕಡೆಗೇ ವಿಶೇಷವಾಗಿ ಒಲಿಯುತ್ತಾರೆ. ಕಾರಣ ಗೂಢವಾದುದೇನೂ ಅಲ್ಲ. ಬೇಕಾದ ಕ್ರಮವಿಧಿಗಳು ಉಚಿತವಾಗಿ ದೊರೆಯುತ್ತವೆ, ಪರೀಕ್ಷಾಚಿತ್ರಗಳೂ ದೊರೆಯುತ್ತವೆ. ಒಂದು ವಾರ ಗಣಕಯಂತ್ರವನ್ನು ಓಡಿಸಿದರೆ ಕೋಷ್ಟಕಗಳೂ ವಕ್ರರೇಖೆಗಳೂ ಸಿದ್ಧವಾಗುತ್ತವೆ. ಕೊನೆಯಲ್ಲಿ ಹೇಳುವುದಕ್ಕೆ ಒಂದು ಅಂಕಿಯೂ ಸಿಕ್ಕುತ್ತದೆ.

ಕೆಲವು ವರ್ಷಗಳ ಹಿಂದೆ ಇಂತಹ ಎರಡು ವರದಿಗಳು ಒಂದೇ ವಾರದಲ್ಲಿ ನಮ್ಮ ಕೈಗೆ ಬಂದುವು. ಎರಡರಲ್ಲಿಯೂ ಹೋಲಿಕೆಗೆ ತೆಗೆದುಕೊಂಡ ಮಾನಕಗಳು ಅವೇ: ಎಚ್.೨೬೪ ಮತ್ತು ಅದರ ನಂತರದ ಎಚ್.೨೬೫. ಹೊಸದು ಹಳೆಯದರ ಅರ್ಧದಷ್ಟು ಬಿಟ್‌ಗಳಲ್ಲಿಯೇ ಅದೇ ಗುಣಮಟ್ಟವನ್ನು ಕೊಡುತ್ತದೆ ಎಂಬುದು ಒಂದರ ತೀರ್ಮಾನ. ಉಳಿತಾಯ ಕಾಲು ಭಾಗಕ್ಕೂ ಕಡಮೆ ಎಂಬುದು ಇನ್ನೊಂದರದು. ಇಬ್ಬರೂ ಪ್ರಾಮಾಣಿಕರು, ಇಬ್ಬರ ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ವಿಚಾರಿಸಿ ನೋಡಿದಾಗ ತಿಳಿದುಬಂದುದಿಷ್ಟು: ಮೊದಲನೆಯವನು ಹಳೆಯ ಮಾನಕದ ಎನ್‌ಕೋಡರನ್ನು ಅತ್ಯಂತ ವೇಗದ ಕ್ರಮದಲ್ಲಿ ಓಡಿಸಿದ್ದನು. ಆ ಕ್ರಮದಲ್ಲಿ ಎಚ್.೨೬೪ರ ಮುಖ್ಯ ಸಾಧನಗಳು ಹಲವು ಕೆಲಸಮಾಡುವುದೇ ಇಲ್ಲ. ಎರಡನೆಯವನು ಎರಡನ್ನೂ ನಿಧಾನದ ಕ್ರಮದಲ್ಲಿಯೇ ಓಡಿಸಿದ್ದನು. ಈ ವಿವರವನ್ನು ಇಬ್ಬರೂ ವರದಿಯಲ್ಲಿ ಬರೆದಿರಲಿಲ್ಲ, ನಾವೂ ಕೇಳಿರಲಿಲ್ಲ. ಎರಡು ವರದಿಗಳಿಗೂ ಒಪ್ಪಿಗೆ ಕೊಟ್ಟುಬಿಟ್ಟೆವು. ಕೊಡಬಾರದಾಗಿತ್ತೆಂದು ಈಗ ನಮಗೆ ತೋರುತ್ತದೆ. ಏಕೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡುತ್ತೇವೆ.

ಮೊದಲು ಸಂಕೋಚನದ ಅವಶ್ಯಕತೆಯನ್ನು ಕುರಿತು ಎರಡು ಮಾತು. ಅಗಲಕ್ಕೆ ೧೯೨೦, ಎತ್ತರಕ್ಕೆ ೧೦೮೦ ಚಿತ್ರಬಿಂದುಗಳಿರುವ ಚಿತ್ರವನ್ನು ಸೆಕೆಂಡಿಗೆ ೨೫ ಫ್ರೇಮುಗಳಂತೆ ಕಳುಹಿಸಬೇಕೆಂದು ಭಾವಿಸೋಣ. ವರ್ಣಾಂಶಗಳೆರಡನ್ನೂ ತಲಾ ಕಾಲು ಭಾಗಕ್ಕೆ ಇಳಿಸಿದ ಮೇಲೂ ಬಿಂದುವೊಂದಕ್ಕೆ ಸರಾಸರಿ ೧೨ ಬಿಟ್ ಬೇಕಾಗುತ್ತದೆ. ಅಂದರೆ ಸೆಕೆಂಡಿಗೆ ೬೨ ಕೋಟಿ ಬಿಟ್‌ಗಳಿಗೂ ಮೇಲೆ. ಮನೆಗಳಿಗೆ ಅಂತರಜಾಲದ ಮೂಲಕ ಬರುವ ಇಂತಹ ಚಿತ್ರ ಸಾಮಾನ್ಯವಾಗಿ ಐವತ್ತು ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ನೂರಿಪ್ಪತ್ತರಲ್ಲಿ ಒಂದು ಪಾಲು ಮಾತ್ರ ಉಳಿದು ಮಿಕ್ಕುದೆಲ್ಲ ಹೋದರೂ ನೋಡುವವನಿಗೆ ನಷ್ಟವಾದುದೇ ತಿಳಿಯುವುದಿಲ್ಲ ಎಂಬುದು ಆಶ್ಚರ್ಯಕರವಾದ ಸಂಗತಿ.

ಇದು ಸಾಧ್ಯವಾಗುವ ಬಗೆ ಸ್ಥೂಲವಾಗಿ ಹೀಗಿದೆ. ಹಿಂದಿನ ಫ್ರೇಮುಗಳಿಂದ, ಒಮ್ಮೊಮ್ಮೆ ಮುಂದಿನವುಗಳಿಂದಲೂ, ಈಗಿನ ಫ್ರೇಮನ್ನು ಊಹಿಸುತ್ತಾರೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಚಿಕ್ಕ ಚೌಕಗಳನ್ನಾಗಿ ಮಾಡಿ ಕೊಸೈನ್ ತರಂಗಗಳಾಗಿ ಬಿಡಿಸುತ್ತಾರೆ. ದೊರೆತ ಅಂಕಿಗಳನ್ನು ಸ್ಥೂಲಗೊಳಿಸಿ ಸಣ್ಣವನ್ನು ಸೊನ್ನೆಮಾಡುತ್ತಾರೆ. ಉಳಿದುದನ್ನು ಸಂಕ್ಷಿಪ್ತ ಸಂಕೇತಗಳಲ್ಲಿ ಬರೆಯುತ್ತಾರೆ. ನಷ್ಟವಾಗುವುದು ಮುಖ್ಯವಾಗಿ ಮೂರನೆಯ ಹೆಜ್ಜೆಯಲ್ಲಿ. ಎರಡನೆಯ ಹೆಜ್ಜೆಯಾದ ವಿವಿಕ್ತ ಕೊಸೈನ್ ಪರಿವರ್ತನೆಯನ್ನು ಸೂಚಿಸಿದವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹಮದ್ ಅವರೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅರಿಯರು. ೧೯೭೨ರಲ್ಲಿ ಅವರು ಈ ವಿಷಯದ ಸಂಶೋಧನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಧನಸಹಾಯ ಕೇಳಿದಾಗ ಅದು ದೊರೆಯಲಿಲ್ಲ. ನಟರಾಜನ್, ಕೆ. ಆರ್. ರಾವ್ ಇವರೊಡನೆ ಅವರು ಬರೆದ ಪ್ರಬಂಧ ೧೯೭೪ರ ಜನವರಿಯಲ್ಲಿ ಪ್ರಕಟವಾಯಿತು. ೧೯೮೮ರ ಎಚ್.೨೬೧ ಮೊದಲುಗೊಂಡು ಎಂಪೆಗ್–೧, ಎಂಪೆಗ್–೨, ೨೦೦೩ರ ಎಚ್.೨೬೪, ೨೦೧೩ರ ಎಚ್.೨೬೫, ೨೦೨೦ರ ಎಚ್.೨೬೬ರವರೆಗೆ, ಗೂಗಲ್ ಸಂಸ್ಥೆಯ ವಿಪಿ–೯ ಮತ್ತು ೨೦೧೮ರ ಎವಿ–೧ ಇವುಗಳಲ್ಲಿಯೂ, ಆ ಪರಿವರ್ತನೆ ಅಥವಾ ಅದರ ಸಂತತಿ ಇದ್ದೇ ಇದೆ. ಅಸ್ಥಿಪಂಜರ ಒಂದೇ, ಬೆಳೆದುದು ಅದರ ಮೇಲಣ ಮಾಂಸ. ಈ ವಂಶಾವಳಿ ಎಲ್ಲ ಪಠ್ಯಗ್ರಂಥಗಳಲ್ಲಿಯೂ ಸಿಗುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ನಮ್ಮ ಮೊದಲನೆಯ ಮತ್ತು ಮುಖ್ಯವಾದ ಆಕ್ಷೇಪ ‘ಮಾನಕಗಳ ತುಲನೆ’ ಎಂಬ ಮಾತಿಗೇ ಸಂಬಂಧಿಸಿದುದು. ಮಾನಕವು ವಿಧಿಸುವುದೇನು? ಸಂಕೋಚನಗೊಂಡ ಬಿಟ್‌ಗಳ ಸಾಲು ಯಾವ ರೂಪದಲ್ಲಿರತಕ್ಕದ್ದು, ಅದನ್ನು ಡಿಕೋಡರು ಹೇಗೆ ಬಿಡಿಸತಕ್ಕದ್ದು, ಇಷ್ಟನ್ನೇ. ಆ ಸಾಲನ್ನು ಹೊಸೆಯುವ ಎನ್‌ಕೋಡರು ಹೇಗೆ ಯೋಚಿಸಬೇಕು, ಯಾವ ಚೌಕವನ್ನು ಎಲ್ಲಿ ಒಡೆಯಬೇಕು, ಯಾವ ಚಲನೆಯನ್ನು ಎಷ್ಟು ದೂರ ಹುಡುಕಬೇಕು, ಯಾವ ಫ್ರೇಮಿಗೆ ಎಷ್ಟು ಬಿಟ್ ವ್ಯಯಮಾಡಬೇಕು ಎಂಬುದನ್ನು ಮಾನಕವು ಹೇಳುವುದಿಲ್ಲ. ಹೇಳದೆ ಬಿಟ್ಟಿರುವುದು ಮರೆವಿನಿಂದಲ್ಲ, ಬುದ್ಧಿಪೂರ್ವಕವಾಗಿ. ಗ್ರಾಹಕನ ಮನೆಯ ಪೆಟ್ಟಿಗೆಯನ್ನು ಬದಲಾಯಿಸದೆಯೇ ಕಳುಹಿಸುವವನ ಕೌಶಲ ವರ್ಷದಿಂದ ವರ್ಷಕ್ಕೆ ಬೆಳೆಯಲೆಂಬುದು ಇದರ ಉದ್ದೇಶ.

ನಮ್ಮ ಸಾಹಿತ್ಯದ ವಾಚಕರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಷಟ್ಪದಿಯ ಲಕ್ಷಣ ಇಷ್ಟು ಸಾಲು, ಇಂತಿಷ್ಟು ಮಾತ್ರೆಯ ಗಣಗಳು, ಇಂತಲ್ಲಿ ಪ್ರಾಸ ಎಂದು ವಿಧಿಸುತ್ತದೆ. ಭಾಮಿನಿಯಲ್ಲಿ ಕುಮಾರವ್ಯಾಸನೂ ಬರೆದನು, ಇಂದು ಹೆಸರೂ ಉಳಿಯದ ಅನೇಕರೂ ಬರೆದರು; ವಾರ್ಧಕದಲ್ಲಿ ಲಕ್ಷ್ಮೀಶನು ಬರೆದನು. ಯಾವನೋ ಒಬ್ಬ ಕವಿಯ ಒಂದು ಭಾಮಿನಿಯನ್ನೂ ಇನ್ನೊಬ್ಬನ ಒಂದು ವಾರ್ಧಕವನ್ನೂ ಪಕ್ಕಪಕ್ಕದಲ್ಲಿಟ್ಟು ‘ವಾರ್ಧಕವು ಭಾಮಿನಿಗಿಂತ ನೂರಕ್ಕೆ ನಲವತ್ತು ಪಾಲು ಉತ್ತಮವಾದ ಛಂದಸ್ಸು’ ಎಂದು ಯಾರಾದರೂ ಬರೆದರೆ ನಾವು ನಗುತ್ತೇವೆ. ವಿಡಿಯೊ ಮಾನಕಗಳ ವಿಷಯದಲ್ಲಿ ಅಂತಹದೇ ವಾಕ್ಯವನ್ನು ಗಂಭೀರವಾಗಿ ಓದಿ, ಟಿಪ್ಪಣಿ ಮಾಡಿಕೊಂಡು, ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಕೇಳುತ್ತೇವೆ! ಉಪಮಾನವು ಪೂರ್ಣವಲ್ಲವೆಂಬುದನ್ನು ನಾವು ಬಲ್ಲೆವು. ಛಂದಸ್ಸಿಗೆ ಮೇಲುಕೀಳಿಲ್ಲ, ಮಾನಕಗಳಿಗಾದರೋ ಉಂಟು. ಹೊಸ ಮಾನಕವು ಎನ್‌ಕೋಡರಿಗೆ ಹೆಚ್ಚಿನ ಸಾಧನಗಳನ್ನು ಒದಗಿಸುತ್ತದೆ, ಎಚ್.೨೬೪ರಲ್ಲಿ ಹದಿನಾರು ಬಿಂದುಗಳ ಚೌಕವೇ ಗರಿಷ್ಠ ಘಟಕವಾಗಿದ್ದರೆ ಎಚ್.೨೬೫ರಲ್ಲಿ ಅರವತ್ತನಾಲ್ಕು, ಎಚ್.೨೬೬ರಲ್ಲಿ ನೂರಿಪ್ಪತ್ತೆಂಟು. ಆದರೆ ಅಳೆದುದು ಈ ಸಾಮರ್ಥ್ಯವನ್ನಲ್ಲ. ಅಳೆದುದು ಒಬ್ಬರು ಬರೆದ ಒಂದು ಎನ್‌ಕೋಡರು ಒಂದು ದಿನ, ಒಂದು ಬಗೆಯ ಆಯ್ಕೆಗಳೊಡನೆ, ಆ ಸಾಮರ್ಥ್ಯದ ಎಷ್ಟು ಭಾಗವನ್ನು ಬಳಸಿಕೊಂಡಿತು ಎಂಬುದನ್ನು.

ಇದು ತರ್ಕಕ್ಕಾಗಿ ಮಾಡಿದ ತರ್ಕವಲ್ಲ ಎಂಬುದಕ್ಕೆ ವಿಪಿ–೯ರ ಕಥೆ ಸಾಕ್ಷಿ. ೨೦೧೩ರ ಡಿಸೆಂಬರಿನಲ್ಲಿ ಚಿತ್ರಸಂಕೇತನವನ್ನು ಕುರಿತ ಅಂತರರಾಷ್ಟ್ರೀಯ ಗೋಷ್ಠಿಯೊಂದು ಅಮೆರಿಕದಲ್ಲಿ ಸೇರಿತ್ತು. ಅಲ್ಲಿ ಗೂಗಲ್ ಸಂಸ್ಥೆಯವರ ಪ್ರಬಂಧವೊಂದು ವಿಪಿ–೯ ಅಂದಿನ ಅತ್ಯುತ್ತಮ ಸಂಕೋಚನ ವಿಧಾನಗಳೊಡನೆ ಪೈಪೋಟಿಗೆ ನಿಲ್ಲಬಲ್ಲುದೆಂದು ಹೇಳಿತು. ಅದೇ ಗೋಷ್ಠಿಯಲ್ಲಿ, ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಸೇರಿ ಬರೆದ ಮತ್ತೊಂದು ಪ್ರಬಂಧ ಬೇರೆಯೇ ತೀರ್ಮಾನಕ್ಕೆ ಬಂದಿತು. ಅದರ ಪ್ರಕಾರ ಎಚ್.೨೬೫ ವಿಪಿ–೯ಕ್ಕಿಂತ ಸರಾಸರಿ ನೂರಕ್ಕೆ ೪೩.೩ರಷ್ಟು ಬಿಟ್ ಉಳಿಸುತ್ತದೆ. ವಿಪಿ–೯ ಹತ್ತು ವರ್ಷ ಹಳೆಯದಾದ ಎಚ್.೨೬೪ರ ಮುಕ್ತ ಎನ್‌ಕೋಡರಾದ ಎಕ್ಸ್೨೬೪ಕ್ಕಿಂತಲೂ ನೂರಕ್ಕೆ ೮.೪ರಷ್ಟು ಹೆಚ್ಚು ಬಿಟ್ ತಿನ್ನುತ್ತದೆ. ವಿಪಿ–೯ ಗೂಗಲ್ ಸಂಸ್ಥೆಯ ಕೂಸು, ಎಚ್.೨೬೫ರ ರಚನೆಯಲ್ಲಿ ಫ್ರೌನ್‌ಹೋಫರ್ ಸಂಸ್ಥೆಯವರಿಗೆ ದೊಡ್ಡ ಪಾಲುಂಟು. ಯಾರೂ ಸುಳ್ಳು ಹೇಳಿದರೆಂದು ನಾವು ಸೂಚಿಸುತ್ತಿಲ್ಲ. ಸುಳ್ಳು ಹೇಳಬೇಕಾದ ಅವಶ್ಯಕತೆಯೇ ಇಲ್ಲದಷ್ಟು ಸ್ವಾತಂತ್ರ್ಯ ಈ ಬಗೆಯ ಪರೀಕ್ಷೆಯಲ್ಲಿ ಪರೀಕ್ಷಕನಿಗಿದೆ ಎಂಬುದೇ ನಮ್ಮ ಮಾತು.

ಮೂರು ವರ್ಷ ಕಳೆದು, ೨೦೧೬ರಲ್ಲಿ, ನೆಟ್‌ಫ್ಲಿಕ್ಸ್ ಸಂಸ್ಥೆಯವರು ತಮ್ಮ ಭಂಡಾರದ ಸಾವಿರಾರು ಚಿತ್ರಖಂಡಗಳ ಮೇಲೆ ಇವೇ ಮೂರು ಬಗೆಯ ಎನ್‌ಕೋಡರುಗಳನ್ನು ಓಡಿಸಿ ನೋಡಿದರು. ಎಚ್.೨೬೫ರದೂ ವಿಪಿ–೯ರದೂ ಎರಡೂ ಎನ್‌ಕೋಡರುಗಳು ಎಕ್ಸ್೨೬೪ಕ್ಕಿಂತ ಮೇಲೆಂದೂ, ಉಳಿತಾಯ ಕೆಲವೆಡೆ ನೂರಕ್ಕೆ ಐವತ್ತನ್ನು ಮುಟ್ಟುವುದೆಂದೂ, ಅವೆರಡರ ಅಂತರ ೧೦೮೦ ಸಾಲಿನ ಚಿತ್ರಗಳಲ್ಲಿ ಕಿರಿದಾಗಿ ಒಮ್ಮೊಮ್ಮೆ ತಿರುಗುಮುರುಗಾಗುವುದೆಂದೂ ಅವರು ಕಂಡುಕೊಂಡರು. ವಿಪಿ–೯ರ ಬಿಟ್ ವಿನ್ಯಾಸ ೨೦೧೩ರಲ್ಲಿಯೇ ಸ್ಥಿರವಾಗಿತ್ತು. ನಡುವಣ ಮೂರು ವರ್ಷಗಳಲ್ಲಿ ಅದರಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾದುವು ಎನ್‌ಕೋಡರುಗಳು, ಚಿತ್ರಗಳು ಮತ್ತು ಪರೀಕ್ಷೆಯ ವಿಧಾನ. ಹೀಗಿರಲು ೮.೪ ಎಂಬ ಹಿನ್ನಡೆಯಾಗಲಿ ಐವತ್ತು ಎಂಬ ಮುನ್ನಡೆಯಾಗಲಿ ‘ವಿಪಿ–೯ರ ಗುಣ’ ಎಂದು ಬರೆದಿಡುವುದು ಹೇಗೆ ಸಾಧು?

ಈ ದೋಷದಿಂದ ಪಾರಾಗಲು ಮಾನಕ ಸಮಿತಿಗಳವರು ತಮ್ಮದೇ ಆದ ಉಲ್ಲೇಖ ಎನ್‌ಕೋಡರುಗಳನ್ನು ಬಳಸುತ್ತಾರೆ: ಎಚ್.೨೬೪ಕ್ಕೆ ಜೆಎಂ, ಎಚ್.೨೬೫ಕ್ಕೆ ಎಚ್‌ಎಂ, ಎಚ್.೨೬೬ಕ್ಕೆ ವಿಟಿಎಂ. ಒಂದೇ ಮನೋಧರ್ಮದಿಂದ ರಚಿತವಾದ ಎರಡನ್ನು ಹೋಲಿಸುವುದು ಸಾಕಷ್ಟು ನ್ಯಾಯವಾದ ಕ್ರಮವೇ. ಆದರೆ ಉಲ್ಲೇಖ ಎನ್‌ಕೋಡರು ಕಾಲದ ಪರಿವೆಯಿಲ್ಲದೆ ದಾರಿಗಳನ್ನೆಲ್ಲ ತಡಕಿ ನೋಡುವ ಯಂತ್ರ. ಅದರ ಪಕ್ಕದಲ್ಲಿ, ನೇರಪ್ರಸಾರಕ್ಕೆಂದು ಬರೆದ ವ್ಯಾವಹಾರಿಕ ಎನ್‌ಕೋಡರೊಂದನ್ನು ನಿಲ್ಲಿಸಿ ‘ಮಾನಕಗಳನ್ನು ಹೋಲಿಸಿದೆವು’ ಎಂದು ಬರೆಯುವ ಪ್ರಬಂಧಗಳು ಒಂದೆರಡಲ್ಲ. ೨೦೧೩ರ ಮೇಲ್ಕಂಡ ಪರೀಕ್ಷೆಯಲ್ಲಿಯೇ ವಿಪಿ–೯ರ ಎನ್‌ಕೋಡರು ಎಕ್ಸ್೨೬೪ರ ನೂರು ಪಾಲಿಗಿಂತ ಹೆಚ್ಚು ಕಾಲವನ್ನೂ, ಎಚ್‌ಎಂ ವಿಪಿ–೯ರ ಏಳು ಪಾಲಿಗಿಂತ ಹೆಚ್ಚು ಕಾಲವನ್ನೂ ತೆಗೆದುಕೊಂಡಿತೆಂದು ಗ್ರಂಥಕರ್ತರೇ ಒಪ್ಪಿಕೊಂಡಿದ್ದಾರೆ. ಕಾಲವನ್ನು ಮರೆಯದೆ ಬರೆದುದಕ್ಕೆ ಅವರನ್ನು ಮೆಚ್ಚಬೇಕು. ಒಮ್ಮೆ ಸಂಕೋಚಿಸಿ ಕೋಟಿ ಜನ ನೋಡುವ ಚಲಚ್ಚಿತ್ರಕ್ಕೆ ಆ ಕಾಲ ಏನೂ ಅಲ್ಲ. ತಾಯಿಯೂ ಮಗನೂ ಮುಖ ನೋಡಿಕೊಂಡು ಮಾತನಾಡುವ ದೂರವಾಣಿಗೆ ಅದೇ ಎಲ್ಲ.

ಇನ್ನು ಎರಡನೆಯ ಆಕ್ಷೇಪ: ಅಳತೆಗೋಲಿನದು. ‘ಅದೇ ಗುಣಮಟ್ಟದಲ್ಲಿ ಇಷ್ಟು ಉಳಿತಾಯ’ ಎನ್ನುವಾಗ ಗುಣಮಟ್ಟ ಒಂದೇ ಎಂದು ನಿರ್ಣಯಿಸಿದವರು ಯಾರು? ಬಹುತೇಕ ವರದಿಗಳಲ್ಲಿ ಅದು ಪಿಎಸ್‌ಎನ್‌ಆರ್ ಎಂಬ ಅಂಕ. ಮೂಲ ಚಿತ್ರದ ಮತ್ತು ಬಿಡಿಸಿದ ಚಿತ್ರದ ಬಿಂದುಗಳನ್ನು ಒಂದೊಂದಾಗಿ ಕಳೆದು, ವ್ಯತ್ಯಾಸಗಳನ್ನು ವರ್ಗಮಾಡಿ, ಸರಾಸರಿ ತೆಗೆದು, ಗರಿಷ್ಠ ಬೆಲೆಯಾದ ೨೫೫ರ ವರ್ಗವನ್ನು ಅದರಿಂದ ಭಾಗಿಸಿ, ಡೆಸಿಬೆಲ್ಲಿನಲ್ಲಿ ಹೇಳುವುದು ಇದರ ಕ್ರಮ. ಲೆಕ್ಕ ಸುಲಭ, ಆದುದರಿಂದಲೇ ಇದು ಇಷ್ಟು ಹರಡಿರುವುದು. ಆದರೆ ಇದಕ್ಕೆ ಕಣ್ಣಿಲ್ಲ. ಇಡೀ ಚಿತ್ರವನ್ನು ಒಂದು ಬಿಂದುವಿನಷ್ಟು ಪಕ್ಕಕ್ಕೆ ಸರಿಸಿದರೆ ನೋಡುವವನಿಗೆ ಏನೂ ತಿಳಿಯುವುದಿಲ್ಲ. ಪಿಎಸ್‌ಎನ್‌ಆರ್ ಮಾತ್ರ ಕುಸಿದುಬೀಳುತ್ತದೆ. ಅದೇ, ಮುಖದ ಮೇಲೆ ಚೌಕಚೌಕವಾಗಿ ಕಲೆ ಎದ್ದರೂ ಹಿನ್ನೆಲೆಯ ಗೋಡೆ ಚೊಕ್ಕಟವಾಗಿದ್ದರೆ ಅಂಕ ಚೆನ್ನಾಗಿಯೇ ಬರುತ್ತದೆ.

ಲೆಕ್ಕವೇ ಎಲ್ಲರಲ್ಲಿಯೂ ಒಂದೇ ರೀತಿಯೆಂದು ಭಾವಿಸುವಂತೆಯೂ ಇಲ್ಲ. ಎರಡೇ ಫ್ರೇಮುಗಳಿವೆ ಎನ್ನೋಣ. ಒಂದರ ಅಂಕ ೩೦ ಡೆಸಿಬೆಲ್, ಇನ್ನೊಂದರದು ೫೦. ಸರಾಸರಿ ೪೦ ಎಂದು ಒಬ್ಬನು ಬರೆಯುತ್ತಾನೆ. ಇನ್ನೊಬ್ಬನು ದೋಷಗಳ ವರ್ಗಗಳನ್ನೇ ಮೊದಲು ಸರಾಸರಿ ಮಾಡಿ ಅನಂತರ ಡೆಸಿಬೆಲ್ಲಿಗೆ ತರುತ್ತಾನೆ. ಅವನಿಗೆ ಸಿಕ್ಕುವುದು ೩೩. ಏಳು ಡೆಸಿಬೆಲ್ಲಿನ ಈ ಅಂತರ ಮಾನಕಗಳ ಎರಡು ತಲೆಮಾರುಗಳ ಅಂತರಕ್ಕಿಂತಲೂ ದೊಡ್ಡದಾಗಬಹುದು. ಉದಾಹರಣೆ ಉತ್ಪ್ರೇಕ್ಷೆಯದೆಂಬುದು ನಿಜ. ನೈಜ ಚಿತ್ರಗಳಲ್ಲಿ ಅಂತರ ಇಷ್ಟಿರುವುದಿಲ್ಲ. ಆದರೂ ಎರಡರಲ್ಲಿ ಯಾವುದನ್ನು ಮಾಡಿದೆ ಎಂದು ಹೇಳಿದ ವಿದ್ಯಾರ್ಥಿಯ ವರದಿಯನ್ನು ನಾವು ಇದುವರೆಗೆ ನೋಡಿಲ್ಲ.

ಎಕ್ಸ್೨೬೪ರ ಕರ್ತೃಗಳು ಈ ಅಂಕದ ವಿಷಯದಲ್ಲಿ ತಳೆದ ನಿಲುವು ಸ್ವಾರಸ್ಯವಾಗಿದೆ. ಕಣ್ಣಿಗೆ ಹಿತವಾಗುವಂತೆ, ಸೂಕ್ಷ್ಮವಾದ ನೇಯ್ಗೆ ನುಣುಪಾಗಿ ಅಳಿದುಹೋಗದಂತೆ ಬಿಟ್‌ಗಳನ್ನು ಹಂಚುವ ಉಪಾಯವೊಂದನ್ನು ಅವರು ಆ ಎನ್‌ಕೋಡರಿನಲ್ಲಿ ಅಳವಡಿಸಿದ್ದಾರೆ. ಅದರಿಂದ ಚಿತ್ರ ಚೆನ್ನಾಗಿ ಕಾಣುತ್ತದೆ, ಪಿಎಸ್‌ಎನ್‌ಆರ್ ಇಳಿಯುತ್ತದೆ. ಆ ಉಪಾಯವನ್ನು ನಿಲ್ಲಿಸದೆಯೇ ಪಿಎಸ್‌ಎನ್‌ಆರ್ ಕೇಳಿದರೆ, ಫಲಿತಾಂಶ ಅಸಿಂಧುವಾಗುವುದೆಂದು ಆ ಕ್ರಮವಿಧಿಯೇ ಎಚ್ಚರಿಕೆ ಕೊಡುತ್ತದೆ. ಯಂತ್ರವು ಕೊಟ್ಟ ಈ ಎಚ್ಚರಿಕೆಯನ್ನು ದಾಟಿ ನೇರವಾಗಿ ಕೋಷ್ಟಕಕ್ಕೆ ಹೋದ ಅಂಕಿಗಳೆಷ್ಟೋ!

ಕಣ್ಣಿಗೂ ಅಂಕಕ್ಕೂ ಇರುವ ದೂರವನ್ನು ಸ್ವತಃ ಎಚ್.೨೬೫ರ ನಿರ್ಮಾಪಕರೇ ಅಳೆದು ತೋರಿಸಿದ್ದಾರೆ. ೨೦೧೨ರಲ್ಲಿ ಓಮ್, ಸಲಿವನ್ ಮೊದಲಾದವರು ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ. ಮನರಂಜನೆಯ ಬಳಕೆಗೆ ತಕ್ಕ ಏರ್ಪಾಟಿನಲ್ಲಿ, ಪಿಎಸ್‌ಎನ್‌ಆರ್ ಪ್ರಕಾರ ಎಚ್.೨೬೪ಕ್ಕೆ ಹೋಲಿಸಿದಾಗ ಉಳಿತಾಯ ನೂರಕ್ಕೆ ೩೫.೪, ಮನುಷ್ಯರನ್ನು ಕೂರಿಸಿ ತೋರಿಸಿ ಕೇಳಿದಾಗ ಸುಮಾರು ೫೦. ಮುಂದೆ ೨೦೧೬ರಲ್ಲಿ ಪ್ರಕಟವಾದ ದೃಢೀಕರಣ ಪರೀಕ್ಷೆಯಲ್ಲಿಯೂ ಇದೇ ಬಗೆ: ಅಂಕದ ಪ್ರಕಾರ ೪೪, ಕಣ್ಣಿನ ಪ್ರಕಾರ ೫೯. ಹೊಸ ಮಾನಕದಲ್ಲಿ ಉಳಿಯುವ ದೋಷವು ಹಳೆಯದರ ದೋಷದಷ್ಟು ಕಣ್ಣಿಗೆ ಚುಚ್ಚುವುದಿಲ್ಲವೆಂಬುದು ಇದರ ತಾತ್ಪರ್ಯ. ಗ್ರಂಥಕರ್ತರು ಎರಡು ಅಂಕಿಗಳನ್ನೂ ಮರೆಮಾಚದೆ ಕೊಟ್ಟರು. ಅವರನ್ನು ಉದ್ಧರಿಸುವವರಾದರೋ ಹೊಸದನ್ನು ಹೊಗಳಬೇಕಾದಾಗ ಐವತ್ತನ್ನೂ, ತಗ್ಗಿಸಬೇಕಾದಾಗ ಮೂವತ್ತೈದನ್ನೂ ಎತ್ತಿಕೊಳ್ಳುತ್ತಾರೆ. ಎರಡೂ ಒಂದೇ ಪ್ರಬಂಧದಲ್ಲಿವೆ. ಆದುದರಿಂದ ಉದ್ಧರಣೆ ಸುಳ್ಳೆಂದು ಯಾರೂ ಹೇಳುವಂತಿಲ್ಲ.

ಇದಕ್ಕಿಂತ ವಿಚಿತ್ರವಾದುದು ಎವಿ–೧ರಲ್ಲಿರುವ ಕಣಸಂಯೋಜನೆಯ ಉಪಾಯ. ಹಳೆಯ ಫಿಲಮಿನಲ್ಲಿ ತೆಗೆದ ಚಿತ್ರಗಳ ಮೇಲೆ ಸದಾ ಮಿನುಗುವ ಸಣ್ಣ ಕಣಗಳಿರುತ್ತವೆ. ಅವುಗಳಿಗೆ ಒಂದು ಕ್ರಮವಿಲ್ಲದುದರಿಂದ ಹಿಂದಿನ ಫ್ರೇಮಿನಿಂದ ಊಹಿಸುವುದು ಅಶಕ್ಯ. ಬಿಟ್‌ಗಳನ್ನು ಅವು ನುಂಗಿಬಿಡುತ್ತವೆ. ಎವಿ–೧ರಲ್ಲಿ ಕಣಗಳನ್ನು ಮೊದಲು ತೆಗೆದುಹಾಕಿ, ಅವುಗಳ ಸ್ವಭಾವವನ್ನು ಮಾತ್ರ ಕೆಲವೇ ಅಂಕಿಗಳಲ್ಲಿ ಬರೆದು ಕಳುಹಿಸಬಹುದು. ಡಿಕೋಡರು ಅದೇ ಸ್ವಭಾವದ ಹೊಸ ಕಣಗಳನ್ನು ತಾನೇ ಹುಟ್ಟಿಸಿ ಮೇಲೆ ಉದುರಿಸುತ್ತದೆ. ನೋಡುವವನಿಗೆ ಅದು ಹಳೆಯ ಫಿಲಮೇ. ಆದರೆ ಒಂದು ಕಣವೂ ಮೂಲದ ಜಾಗದಲ್ಲಿಲ್ಲ! ಬಿಂದುವಿಗೆ ಬಿಂದುವನ್ನು ಕಳೆಯುವ ಅಳತೆಗೆ ಇದು ಶುದ್ಧ ದೋಷವಾಗಿ ಕಾಣುತ್ತದೆ; ಕಣಗಳನ್ನು ಒರಸಿ ಚಿತ್ರವನ್ನು ಮೇಣದಂತೆ ಮಾಡಿದ ಎನ್‌ಕೋಡರಿಗೆ ಅದು ಹೆಚ್ಚು ಅಂಕ ಕೊಡುತ್ತದೆ. ಛಾಯಾಗ್ರಾಹಕನು ಬುದ್ಧಿಪೂರ್ವಕವಾಗಿ ಇಟ್ಟುದನ್ನು ಅಳಿಸಿದವನು ಗೆಲ್ಲುವ ಪಂದ್ಯವನ್ನು ಪರೀಕ್ಷೆಯೆನ್ನಲು ನಮಗೆ ಮನಸ್ಸು ಬಾರದು.

ಪಿಎಸ್‌ಎನ್‌ಆರ್ ದೋಷಗಳನ್ನು ಪರಿಹರಿಸಲು ಬೇರೆ ಅಳತೆಗಳು ಬಂದಿವೆ. ೨೦೦೪ರಲ್ಲಿ ವಾಂಗ್, ಬೋವಿಕ್ ಮೊದಲಾದವರು ರಚನಾಸಾದೃಶ್ಯವನ್ನು ಅಳೆಯುವ ಎಸ್‌ಎಸ್‌ಐಎಂ ಅನ್ನು ಸೂಚಿಸಿದರು. ನೆಟ್‌ಫ್ಲಿಕ್ಸ್ ೨೦೧೬ರಲ್ಲಿ ವಿಎಂಎಎಫ್ ಎಂಬುದನ್ನು ಮುಕ್ತವಾಗಿ ಪ್ರಕಟಿಸಿತು. ಇದು ಹಲವು ಅಳತೆಗಳನ್ನು, ನೋಡುಗರು ಕೊಟ್ಟ ಅಂಕಗಳಿಗೆ ಹೊಂದುವಂತೆ, ಯಂತ್ರಕಲಿಕೆಯಿಂದ ಬೆರಸಿದುದು. ಕಣ್ಣಿಗೆ ಇವು ಹೆಚ್ಚು ಹತ್ತಿರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಕೋಚನಕ್ಕೆ ಮುಂಚೆ ಚಿತ್ರದ ಅಂಚುಗಳನ್ನು ಕೃತಕವಾಗಿ ಚೂಪುಮಾಡಿದರೆ ವಿಎಂಎಎಫ್ ಏರುತ್ತದೆಂಬುದು ಬೇಗನೆ ಬೆಳಕಿಗೆ ಬಂದಿತು. ಹಾಗೆ ಗಳಿಸಿದ ಅಂಕವನ್ನು ಲೆಕ್ಕಕ್ಕೆ ಹಿಡಿಯದ ಬೇರೊಂದು ಆವೃತ್ತಿಯನ್ನೇ ಅದರ ಕರ್ತೃಗಳು ಹೊರತರಬೇಕಾಯಿತು. ಪ್ರಶ್ನಪತ್ರಿಕೆಯ ರೀತಿ ತಿಳಿದ ಮೇಲೆ ಉತ್ತರಗಳು ಹೇಗೆ ಅದಕ್ಕೆ ತಕ್ಕಂತೆ ಬಾಗುತ್ತವೆ ಎಂಬುದನ್ನು ಅಧ್ಯಾಪಕರಾದ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಈ ಎಲ್ಲ ಅಂಕಗಳನ್ನು ಕೊನೆಗೆ ಒಂದೇ ಶೇಕಡಾವಾರಿಗೆ ಇಳಿಸುವ ವಿಧಾನ ೨೦೦೧ರಲ್ಲಿ ನಾರ್ವೆಯ ಬ್ಯೋಂಟೆಗೋರ್ ಅವರು ಸಮಿತಿಯೊಂದರ ಮುಂದಿಟ್ಟ ಕಿರು ಟಿಪ್ಪಣಿಯಿಂದ ಬಂದುದು. ಎನ್‌ಕೋಡರನ್ನು ನಾಲ್ಕು ಬೇರೆ ಬೇರೆ ಮಟ್ಟಗಳಲ್ಲಿ ಓಡಿಸಿ, ಬಿಟ್ ದರದ ಲಘುಗಣಕಕ್ಕೆ ಎದುರಾಗಿ ಅಂಕವನ್ನು ಗುರುತಿಸಿ, ನಾಲ್ಕು ಬಿಂದುಗಳ ಮೂಲಕ ವಕ್ರರೇಖೆಯೊಂದನ್ನು ಎಳೆಯುತ್ತಾರೆ. ಇನ್ನೊಂದು ಎನ್‌ಕೋಡರಿಗೂ ಹಾಗೆಯೇ. ಎರಡು ರೇಖೆಗಳ ನಡುವಣ ಸರಾಸರಿ ಅಂತರವೇ ‘ಉಳಿತಾಯ’. ಬುದ್ಧಿವಂತಿಕೆಯ ವಿಧಾನ, ನಿಜ. ಆದರೆ ಎರಡು ರೇಖೆಗಳು ನಡುವೆ ಒಂದನ್ನೊಂದು ಕತ್ತರಿಸಿದ್ದರೆ, ಅಂದರೆ ಕಡಮೆ ದರದಲ್ಲಿ ಒಂದೂ ಹೆಚ್ಚು ದರದಲ್ಲಿ ಇನ್ನೊಂದೂ ಮೇಲಾಗಿದ್ದರೆ, ಸರಾಸರಿ ಸೊನ್ನೆಯ ಹತ್ತಿರ ಬಂದು ‘ಎರಡೂ ಸಮ’ ಎಂದು ಸಾರುತ್ತದೆ. ಶೇಕಡಾವಾರಿನ ಮಾಯೆಯೊಂದೂ ಇಲ್ಲಿದೆ. ಹೊಸದು ಹಳೆಯದಕ್ಕಿಂತ ನೂರಕ್ಕೆ ೩೫ ಉಳಿಸುತ್ತದೆ ಎಂಬ ಮಾತೂ, ಹಳೆ‌ಯದಕ್ಕೆ ಹೊಸದಕ್ಕಿಂತ ನೂರಕ್ಕೆ ೫೪ ಹೆಚ್ಚು ಬೇಕು ಎಂಬ ಮಾತೂ ಒಂದೇ. ಬೇಕಾದವರು ಬೇಕಾದುದನ್ನು ಹೇಳಬಹುದು.

ಸರಾಸರಿಯ ಒಳಗೆ ಅಡಗಿರುವುದೇನು ಎಂಬುದಕ್ಕೆ ೨೦೧೬ರ ಪರೀಕ್ಷೆಯ ೫೯ನ್ನೇ ಬಿಡಿಸಿ ನೋಡಬಹುದು. ೪೮೦ ಸಾಲಿನ ಚಿತ್ರಗಳಲ್ಲಿ ಉಳಿತಾಯ ೫೨, ೭೨೦ರಲ್ಲಿ ೫೬, ೧೦೮೦ರಲ್ಲಿ ೬೨, ಅದಕ್ಕೂ ಹಿರಿದಾದ ಚಿತ್ರಗಳಲ್ಲಿ ೬೪. ದೊಡ್ಡ ಚೌಕಗಳ ಮಾನಕವು ದೊಡ್ಡ ಚಿತ್ರದಲ್ಲಿ ಹೆಚ್ಚು ಗೆಲ್ಲುವುದು ಸಹಜ. ಹಾಗಾದರೆ ಅಗ್ಗದ ದೂರವಾಣಿಯಲ್ಲಿ, ತೆಳುವಾದ ಸಂಪರ್ಕದಲ್ಲಿ, ಚಿಕ್ಕ ಚಿತ್ರವನ್ನು ನೋಡುವವನಿಗೆ ೫೯ ಎಂಬ ಅಂಕಿ ಹೇಳುವುದೇನು? ಅವನಿಗೆ ಸಂಬಂಧಿಸಿದುದು ಪಟ್ಟಿಯ ಮೊದಲ ಸಾಲು. ಉದ್ಧರಣೆಯಲ್ಲಿ ಕಾಣೆಯಾಗುವುದೂ ಅದೇ.

ಪರೀಕ್ಷಾಚಿತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಕಟ್ಟಡದ ಕೆಲಸ ನಡೆಯುವಲ್ಲಿ ಗಟ್ಟಿಟೊಪ್ಪಿಗೆ ಧರಿಸಿ ಮಾತನಾಡುವ ‘ಫೋರ್‌ಮನ್’ ಎಂಬ ಚಿತ್ರವನ್ನು ಈ ಶಾಸ್ತ್ರವನ್ನು ಓದಿದವರೆಲ್ಲ ಬಲ್ಲರು. ಮುನ್ನೂರು ಫ್ರೇಮುಗಳ ಆ ತುಣುಕಿನ ಮೇಲೆ ಎಷ್ಟು ಸಾವಿರ ಪ್ರಬಂಧಗಳು ನಿಂತಿವೆಯೋ ಬಲ್ಲವರಾರು! ಎಚ್.೨೬೫ರ ಸಾಮಾನ್ಯ ಪರೀಕ್ಷಾನಿಯಮಗಳ ಚಿತ್ರಗಳಾದರೂ ಬಹುಮಟ್ಟಿಗೆ ಹತ್ತು ಸೆಕೆಂಡುಗಳವು. ಎಲ್ಲರೂ ಅವನ್ನೇ ಬಳಸುವುದರಿಂದ ಫಲಿತಾಂಶಗಳನ್ನು ಪರಸ್ಪರ ಹೋಲಿಸಬಹುದೆಂಬ ಲಾಭ ಸಣ್ಣದಲ್ಲ. ಆದರೆ ನಮ್ಮ ವಿದ್ಯಾರ್ಥಿ ತನ್ನ ಊರಿನ ಬಯಲಿನಲ್ಲಿ ರಾತ್ರಿ ನಡೆದ ಯಕ್ಷಗಾನವನ್ನು ಚಿತ್ರೀಕರಿಸಿಕೊಂಡು ಬಂದರೆ, ಕಪ್ಪು ಹಿನ್ನೆಲೆಯೂ, ಕಿರೀಟದ ಮಿಂಚೂ, ದಿಗಣದ ವೇಗವೂ ಸೇರಿದ ಆ ಚಿತ್ರದಲ್ಲಿ ಯಾವ ಎನ್‌ಕೋಡರು ಎಡವುವುದೆಂದು ಪ್ರಕಟಿತ ಕೋಷ್ಟಕಗಳಿಂದ ಊಹಿಸಲಾಗದು. ಓಡಿಸಿಯೇ ನೋಡಬೇಕು.

ತುಲನೆಯಲ್ಲಿ ಸೇರದೆಯೇ ತೀರ್ಪನ್ನು ನಿರ್ಣಯಿಸುವ ಮತ್ತೊಂದು ಸಂಗತಿಯೂ ಉಂಟು. ಎಚ್.೨೬೫ನ್ನು ಬಳಸುವವರು ಏಕಸ್ವದ ಹಕ್ಕುಗಳಿಗೆ ಹಣ ತೆರಬೇಕಾಗಿದ್ದು, ೨೦೧೪, ೨೦೧೫, ೨೦೧೭ರಲ್ಲಿ ಒಂದಾದ ಮೇಲೊಂದರಂತೆ ಮೂರು ಬೇರೆ ಬೇರೆ ಕೂಟಗಳು ವಸೂಲಿಗೆ ಹೊರಟುವು. ಹಣ ಕೇಳದ ಮಾನಕವೊಂದನ್ನು ರಚಿಸಲೆಂದು ೨೦೧೫ರಲ್ಲಿ ದೊಡ್ಡ ಸಂಸ್ಥೆಗಳು ಕೂಡಿ ಕಟ್ಟಿದ ಮೈತ್ರಿಯ ಫಲವೇ ಎವಿ–೧. ನೂರಕ್ಕೆ ಐದಾರರ ಉಳಿತಾಯಕ್ಕಾಗಿ ಪ್ರಬಂಧಗಳು ಹೊಡೆದಾಡುತ್ತಿರುವಾಗ ಆಯ್ಕೆ ನಡೆಯುವುದು ವಕೀಲರ ಕೊಠಡಿಯಲ್ಲಿ. ಇದು ನಮ್ಮ ವಿಭಾಗದ ವಿಷಯವಲ್ಲ.

ಹಾಗಾದರೆ ತುಲನೆಯನ್ನೇ ಬಿಟ್ಟುಬಿಡಬೇಕೆ? ಹಾಗೆಂದು ನಾವು ಹೇಳುವುದಿಲ್ಲ. ೧೯೮೮ಕ್ಕೂ ೨೦೨೦ಕ್ಕೂ ನಡುವೆ ಆಗಿರುವ ಪ್ರಗತಿ ನಿಜವಾದುದು. ಅದನ್ನು ಯಾವ ಅಳತೆಯಿಂದ ಅಳೆದರೂ ಕಾಣುತ್ತದೆ. ಎಚ್.೨೬೫ ಎಂಪೆಗ್–೨ಕ್ಕಿಂತ ಪಿಎಸ್‌ಎನ್‌ಆರ್ ಪ್ರಕಾರ ನೂರಕ್ಕೆ ೭೦.೮ ಉಳಿಸುತ್ತದೆಂದು ೨೦೧೨ರ ಪ್ರಬಂಧ ಹೇಳುವಾಗ, ಆ ದಶಮಾಂಶವನ್ನು ನಂಬದಿದ್ದರೂ ಎಪ್ಪತ್ತನ್ನು ನಂಬಬಹುದು. ಅಂತರ ಕಿರಿದಾದಷ್ಟೂ ಮೇಲಿನ ಆಕ್ಷೇಪಗಳ ತೂಕ ಹೆಚ್ಚುತ್ತದೆ. ನೂರಕ್ಕೆ ಹತ್ತರ ಒಳಗಿನ ಗೆಲುವನ್ನು ಎನ್‌ಕೋಡರಿನ ಒಂದು ಆಯ್ಕೆಯೇ ಅಳಿಸಿಹಾಕಬಲ್ಲುದು.

ಆದುದರಿಂದ ಈ ವರ್ಷದಿಂದ ವರದಿಗಳ ಶೀರ್ಷಿಕೆಯಲ್ಲಿ ಮಾನಕದ ಹೆಸರಲ್ಲದೆ ಎನ್‌ಕೋಡರಿನ ಹೆಸರು, ಆವೃತ್ತಿ, ವೇಗದ ಕ್ರಮ ಇವು ಇರತಕ್ಕದ್ದೆಂದು ನಾವು ವಿದ್ಯಾರ್ಥಿಗಳಿಗೆ ತಿಳಿಸಿದ್ದೇವೆ. ಸರಾಸರಿಯೊಡನೆ ಪ್ರತಿಯೊಂದು ಚಿತ್ರದ ಅಂಕಿಯನ್ನೂ, ತೆಗೆದುಕೊಂಡ ಕಾಲವನ್ನೂ ಕೊಡಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ, ಯಾರಾದರೂ ಚಿತ್ರಗಳನ್ನು ನೋಡಬೇಕು! ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.೫೦೦ ಎಂಬ ಶಿಫಾರಸು ಇದಕ್ಕೆ ಕನಿಷ್ಠ ಹದಿನೈದು ಮಂದಿ ನೋಡುಗರನ್ನೂ, ನಿಯತವಾದ ದೂರವನ್ನೂ ಬೆಳಕನ್ನೂ ವಿಧಿಸುತ್ತದೆ. ಹದಿನೈದು ಮಂದಿ ಒಂದು ತರಗತಿಯಲ್ಲಿ ಸಿಕ್ಕದವರಲ್ಲ. ಹೀಗೆಲ್ಲ ಕೇಳಿದರೆ ಈ ವಿಷಯವನ್ನು ಆರಿಸಿಕೊಳ್ಳುವವರೇ ಇರುವುದಿಲ್ಲವೆಂದು ನಮ್ಮ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ಕಳೆದ ವರ್ಷ ಒಂಬತ್ತು ಮಂದಿ ಆರಿಸಿಕೊಂಡಿದ್ದರು, ಈ ವರ್ಷ ಇಬ್ಬರು. ಆ ಇಬ್ಬರಿಗೆ, ಮೊದಲಲ್ಲಿ ಹೇಳಿದ ಎರಡು ಹಳೆಯ ವರದಿಗಳನ್ನೇ ಕೊಟ್ಟು, ಅವೇ ಚಿತ್ರಗಳನ್ನು ಎರಡು ವೇಗಗಳಲ್ಲಿಯೂ ಓಡಿಸಿ ನೋಡುಗರ ಮುಂದಿಡುವಂತೆ ಹೇಳಿದ್ದೇವೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ ಒಂದು ಕೊಠಡಿ ಸಿದ್ಧವಾಗಿದೆ. ಫಲಿತಾಂಶವನ್ನು, ಅದು ಯಾರ ಪರವಾಗಿ ಬಂದರೂ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವೆವು.